ನಿಮ್ಮಪ್ಪ ಹಾಕಿದ ನೆಲಕ್ಕೆ ನಾಲ್ಕು ಕಂಬ

ಭಾನುವಾರ, ಮಾರ್ಚ್ ೯

ನನ್ನ ಗುಬ್ಬಿಗೆ ಅಜ್ಜಿಯ ಮುದ್ದುಗಳು.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರಿದ್ದಾರೆ ಹೇಳು, ಮಂಡಿಯೊಂದನ್ನೇ ಏಕೆ ಬೈಯಲಿ! ನೀನು ಹೇಗಿದ್ದೀಯ? ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಯಿತೋ ಇಲ್ಲವೋ? ಹೊತ್ತುಹೊತ್ತಿಗೆ ಊಟ ಮಾಡಿ ಎಂದು ರೋಗಿಗಳನ್ನೆಲ್ಲ ಗದರುವ ನರ್ಸಮ್ಮ ತಾನು ಮಾತ್ರ ಬನ್ನು ತಿಂದು ಮಲಗುತ್ತಾಳಂತೆ. ನಿಮ್ಮಮ್ಮ ಹೇಳಿದಳು. ನಾಚಿಕೆಯಾಗಬೇಕು ನಿನಗೆ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೈ ನೋವಿತ್ತು ಎಂದು ಸುಳ್ಳು ಹೇಳಬಹುದು. ನಿಜವೆಂದರೆ ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂದಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂದು ಪೆನ್ನು ಮುಟ್ಟದೆ ಕೂತಿದ್ದೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಾದರೆ ನೀನು "ಹೂಂ ಅಜ್ಜಿ, ಹೂಂ ಅಜ್ಜಿ, ಇಡ್ಲಾ?" ಎಂದು ಇಟ್ಟುಬಿಡುತ್ತೀಯ. ಕಾಗದದಲ್ಲಿ ನನ್ನ ಮಾತಿಗೆ ಅಡ್ಡ ಬರಲು ಯಾರಿಂದಲೂ ಆಗುವುದಿಲ್ಲ.

ನೀನು ಬರೆದಿದ್ದು ಇದು: "ಅದು ಅಪ್ಪ ಕೈಯಾರೆ ಹಾಕಿದ ನೆಲ. ಆ ಲಿಫ್ಟಿನವನು ಅದಕ್ಕೆ ಒಂದು ತೂತು ಹೊಡೆದರೂ ನಾನು ಇನ್ನು ಆ ಮನೆಗೆ ಕಾಲಿಡುವುದಿಲ್ಲ." ಮೊದಲೇ ಹೇಳಿಬಿಡುತ್ತೇನೆ, ಉಸಿರು ಬಿಡು. ಇನ್ನೂ ಒಂದು ತೂತೂ ಬಿದ್ದಿಲ್ಲ. ಏಕೆ ಬಿದ್ದಿಲ್ಲ ಎಂದು ಹೇಳುವುದಕ್ಕೇ ಈ ಕಾಗದ.

ನಾನು ಯಾರನ್ನೂ ಸುಮ್ಮಸುಮ್ಮನೆ ಹೊಗಳುವವಳಲ್ಲ, ನಿನಗೆ ಗೊತ್ತು. ನನ್ನ ಮಗ, ನಿಮ್ಮಪ್ಪ, ಹೋದ ಮೇಲೆ ಅಷ್ಟು ವರ್ಷ ಒಂಟಿಯಾಗಿದ್ದ ನಿಮ್ಮಮ್ಮ ಹೋದ ವರ್ಷ ಇವನನ್ನು, ನಿನ್ನ ಆ ಲಿಫ್ಟಿನವನನ್ನು, ಮದುವೆಯಾಗುತ್ತೇನೆ ಎಂದಾಗ ಬಾಯಲ್ಲಿ "ಆಗಲಿ ಕಣಮ್ಮ" ಅಂದೆ. ಆಮೇಲೆ ಕನ್ನಡಕ ಏರಿಸಿಕೊಂಡು ಮೊಸರಿನಲ್ಲಿ ಕಲ್ಲು ಹುಡುಕುತ್ತಾ ಕೂತೆ. ಸಿಗಲೇ ಇಲ್ಲವೆಂದಲ್ಲ. ಗೊರಕೆ ಹೊಡೆಯುತ್ತಾನೆ. ಬಾಗಿಲನ್ನು ದಡಾರ್ ಎಂದು ಹಾಕುತ್ತಾನೆ, ದಿನವಿಡೀ ಲಿಫ್ಟ್ ರಿಪೇರಿ ಮಾಡಿ ಮನೆ ಬಾಗಿಲೂ ಲಿಫ್ಟಿನ ಬಾಗಿಲೇ ಅಂದುಕೊಂಡಿದ್ದಾನೋ ಏನೋ. ಅಷ್ಟೇ. ಅದಕ್ಕಿಂತ ದೊಡ್ಡ ಕಲ್ಲು ಸಿಗದೆ ನನಗೇ ಬೇಸರವಾಯಿತು.

ಈ ಚಪ್ಪರದ ಗಲಾಟೆಗೆಲ್ಲ ಮೂಲ ನಾನೇ. ಮಧ್ಯಾಹ್ನ ಹಿತ್ತಲ ಕಾಂಕ್ರೀಟು ಕಾದ ಹೆಂಚಾಗುತ್ತದೆ, ಮುದುಕಿ ಎಲ್ಲಿ ಕೂರಬೇಕು ಎಂದು ಒಂದು ದಿನ ಗೊಣಗಿದೆ. ಗೊಣಗುವುದು ನನ್ನ ಕಸುಬು, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಇವನು ಹಚ್ಚಿಕೊಂಡ. "ಅಮ್ಮ, ನಾಲ್ಕು ಮರದ ಕಂಬ ನಿಲ್ಲಿಸಿ ಮೇಲೆ ಪಟ್ಟಿ ಜೋಡಿಸಿ ಒಂದು ಪರ್ಗೋಲಾ ಮಾಡಿಬಿಡೋಣ. ಬಳ್ಳಿ ಹಬ್ಬಿದ್ರೆ ತಂಪಾಗಿರುತ್ತೆ" ಅಂದ. ಹೆಸರು ಏನಾದರೂ ಇಟ್ಟುಕೋ ಮಾರಾಯ, ನೆರಳು ಬಿದ್ದರೆ ಸಾಕು ಅಂದೆ.

ಗಾರೆ ಮೇಸ್ತ್ರಿಯನ್ನು ಕರೆಸಿದರು. ಅವನು ಹಿಮ್ಮಡಿಯಿಂದ ನೆಲ ತಟ್ಟಿ ನೋಡಿ, "ನಾಲ್ಕು ಕಡೆ ಒಡೆದು ಗುಂಡಿ ತೋಡಿ, ಕಂಬ ಹೂತು ಹೊಸದಾಗಿ ಕಾಂಕ್ರೀಟ್ ಹಾಕ್ಬಿಡೋಣ. ಅದೇ ಗಟ್ಟಿ. ಅರ್ಧ ದಿನದ ಕೆಲಸ" ಅಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಇವನೇನು ಹೇಳುತ್ತಾನೆ ನೋಡೋಣ ಅಂತ ಇವನ ಮುಖವನ್ನೇ ನೋಡಿದೆ.

ಇವನು ಕೇಳಿದ್ದು ಒಂದೇ ಮಾತು: "ಈ ನೆಲ ಯಾರು ಹಾಕಿದ್ದು?"

ನಿಮ್ಮಮ್ಮ ಹೇಳಿದಳು.

"ಹಾಗಾದ್ರೆ ಒಡೆಯೋದು ಬೇಡ. ಇದರ ಮೇಲೇ ಬೋಲ್ಟ್ ಹಾಕಿ ನಿಲ್ಲಿಸೋಕಾಗುತ್ತಾ ನೋಡ್ತೀನಿ."

"ದಪ್ಪ ಇದ್ರೆ ನಿಲ್ಲುತ್ತೆ ಸ್ವಾಮಿ," ಅಂದ ಮೇಸ್ತ್ರಿ. "ಇಲ್ದಿದ್ರೆ ಗಾಳಿ ಬೀಸಿದ ದಿನ ನಿಮ್ಮ ಚಪ್ಪರ ಪಕ್ಕದ ಮನೆಗೆ ನೆಂಟಸ್ತನ ಮಾಡೋಕೆ ಹೋಗುತ್ತೆ."

ಅದು ಸುಳ್ಳಲ್ಲವಂತೆ. ಕಂಬ ಕುಸಿಯುವ ಭಯ ಕಡಿಮೆ, ಗಾಳಿ ಇಡೀ ಚಪ್ಪರವನ್ನು ಮೇಲಕ್ಕೆ ಎತ್ತುವ ಭಯವೇ ಹೆಚ್ಚಂತೆ. ಆಗ ಹಿಡಿದುಕೊಳ್ಳಬೇಕಾದದ್ದು ಕೆಳಗಿನ ಕಾಂಕ್ರೀಟು. ಮೇಸ್ತ್ರಿ ಹೋದ ಮೇಲೆ ಇವನು ನನ್ನ ಹೂಗಿಡದ ಕೈಗುದ್ದಲಿ ತೆಗೆದುಕೊಂಡು ನೆಲದ ಅಂಚಿನ ಪಕ್ಕದ ಮಣ್ಣು ಬಿಡಿಸಿದ. ನೆಲ ಮುಟ್ಟಲಿಲ್ಲ, ಪಕ್ಕದ ಮಣ್ಣು ಮಾತ್ರ. ಆಮೇಲೆ ಇಷ್ಟುದ್ದದ ಗಂಡಸು ಬೋರಲು ಮಲಗಿ ಕೆನ್ನೆಯನ್ನು ನೆಲಕ್ಕೆ ಒತ್ತಿ ಇಣುಕಿದ. ಇವನಿಗೇನು ಬಂತು ಅಂತ ನಾನು ಕೋಲೂರಿಕೊಂಡು ಹೋದೆ.

"ನೋಡಿಲ್ಲಿ ಅಮ್ಮ! ಹತ್ತಿರ ಹತ್ತಿರ ಒಂದು ಗೇಣು ದಪ್ಪ! ಇದು ಹಿತ್ತಲಿಗೆ ಹಾಕಿದ್ದಲ್ಲ, ಲಾರಿ ನಿಲ್ಲಿಸೋಕೆ ಹಾಕಿದ ಹಾಗಿದೆ. ಅಂಚಲ್ಲೂ ಒಂದು ಕಡೆ ಟೊಳ್ಳಿಲ್ಲ. ಚೆನ್ನಾಗಿ ನೀರು ಕುಡಿಸಿದ್ದಾರೆ. ಗಾರೆ ಕೆಲಸದವರಾ ಅವರು?"

ಭೂಗೋಳದ ಮೇಷ್ಟ್ರು ಕಣಪ್ಪ, ಅಂದೆ. ಕರಣೆ ಹಿಡಿದಿದ್ದು ಜೀವನದಲ್ಲಿ ಅದೊಂದೇ ಸಲ. ಆ ಬೇಸಿಗೆ ರಜೆಯೆಲ್ಲ ಜಲ್ಲಿ ಹೊತ್ತ, ಕಂಬಿ ಕಟ್ಟಿದ, ಗೋಣಿಚೀಲ ಹಾಸಿ ನೀರು ಹಾಕುತ್ತಲೇ ಇದ್ದ. ಇಲ್ಲೇನು ಆನೆ ಕಟ್ತೀಯೇನೋ ಎಂದು ನಾನು ಎಷ್ಟು ರೇಗಿಸಿದ್ದೆ! ಅದನ್ನೆಲ್ಲ ಇವನಿಗೆ ಹೇಳಿದೆ. ಅವನು ಮಣ್ಣಿನಲ್ಲಿ ಕೂತೇ ಕೇಳಿದ. ಕೇಳಿ, "ಯಾರಿಗೂ ಕಾಣದ ಕಡೆ ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರಲ್ಲ, ಭೇಷ್" ಅಂದ. ಗುಬ್ಬೀ, ನನ್ನ ಮಗನ ಹೆಸರೆತ್ತಿದರೆ ಅಯ್ಯೋ ಪಾಪ ಎನ್ನುವವರು ಬೇಕಾದಷ್ಟು ಜನ. ಭೇಷ್ ಅಂದವನು ಇವನೊಬ್ಬ. ನನಗೆ ಆ ಕ್ಷಣ ಎಷ್ಟು ಹಿತವಾಯಿತೆಂದರೆ, ಒಳಗೆ ಹೋಗಿ ನಾನೇ ಅವನಿಗೆ ಟೀ ಮಾಡಿದೆ. ನಿಮ್ಮಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸೂರ್ಯ ಯಾವ ಕಡೆ ಹುಟ್ಟಿದ್ದಾನೆ ಎಂದು ನೋಡಿದಳು.

ಮಾರನೇ ವಾರ ನೆಲದ ಮಟ್ಟದ ಅಳತೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಒಂದು ತುದಿ ನನ್ನ ಕೈಗೆ ಕೊಟ್ಟ. "ನೀರು ಈ ಗೆರೆಗೆ ಬಂದ ತಕ್ಷಣ ಹೇಳಿ ಅಮ್ಮ." ನಾನು ಕುರ್ಚಿಯಲ್ಲಿ ಕೂತು ಬಂತು, ಬಂತು, ಅಯ್ಯೋ ಹೋಯ್ತು ಎಂದು ಕೂಗುವುದು, ಅವನು ಆ ಮೂಲೆಯಲ್ಲಿ ಗುರುತು ಹಾಕುವುದು. ಕಡೆಗೆ ಗೊತ್ತಾದದ್ದೇನೆಂದರೆ, ನಿಮ್ಮಪ್ಪ ನೀರು ನಿಲ್ಲಬಾರದೆಂದು ನೆಲಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಿದ್ದಾನೆ. ಹಾಗಾಗಿ ಗೋಡೆ ಕಡೆಯ ಕಂಬಗಳು ಗಿಡ್ಡ, ಮೋರಿ ಕಡೆಯವು ಉದ್ದ. ನೆಲವನ್ನು ಕೆತ್ತಿ ಮಟ್ಟ ಮಾಡಿದರೆ ಆಗದೇ ಎಂದು ನಿಮ್ಮಮ್ಮ ಕೇಳಿದಳು. "ಅವರ ಇಳಿಜಾರು ಸರಿಯಾಗಿದೆ. ಕಂಬಾನೇ ಅದಕ್ಕೆ ಹೊಂದಿಕೊಳ್ಳಲಿ" ಅಂದ. ಜಾಗ ಹೆಚ್ಚು ಸಿಗುತ್ತದೆ, ಕಂಬ ತೀರಾ ಅಂಚಿಗೆ ಬರಲಿ ಎಂದು ಅವಳು ಹಟ ಹಿಡಿದಾಗಲೂ ಒಪ್ಪಲಿಲ್ಲ. ಅಂಚಿಗೆ ಬೋಲ್ಟ್ ಹಾಕಿದರೆ ಮೂಲೆ ಸಿಡಿಯುತ್ತದಂತೆ. ಗೇಣುದ್ದ ಒಳಗೇ ಸೀಮೆಸುಣ್ಣದಲ್ಲಿ ಗುರುತು ಮಾಡಿದ.

ಒಂದು ಸಲ ಮಾತ್ರ ಅವನು ನನ್ನ ಕೈಗೆ ಸಿಕ್ಕಿಬಿದ್ದ ಅಂದುಕೊಂಡೆ. ಕಂಬ ಕೂರಿಸಲು ಕಬ್ಬಿಣದ ಪಾದಗಳನ್ನು ತಂದಿದ್ದ. ಒಂದನ್ನು ನೆಲದ ಮೇಲಿಟ್ಟು ಕಂಬದ ತುಂಡು ಸಿಕ್ಕಿಸಿ ತೋರಿಸಿದ. ನೋಡುತ್ತೇನೆ, ಮರ ನೆಲ ಮುಟ್ಟಿಯೇ ಇಲ್ಲ! ಕೆಳಗೆ ಬೆರಳು ತೂರುವಷ್ಟು ಸಂದು. "ಏನಪ್ಪಾ, ಕೊಯ್ಯೋವಾಗ ಗಿಡ್ಡ ಮಾಡಿಬಿಟ್ಟೆಯಾ?" ಎಂದು ಊರಿಗೆಲ್ಲ ಕೇಳುವ ಹಾಗೆ ಕೇಳಿದೆ. "ಬೇಕಂತಲೇ ಅಮ್ಮ. ಒದ್ದೆ ಕಾಂಕ್ರೀಟಿಗೆ ಮರ ತಾಗಿದ್ರೆ ಬುಡದಿಂದ ಕೊಳೆಯುತ್ತೆ. ಉಸಿರಾಡೋಕೆ ಜಾಗ ಬೇಕು." ನಗಲೂ ಇಲ್ಲ ಪುಣ್ಯಾತ್ಮ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ನೆಲಕ್ಕೆ ಕೈ ಹಾಕುವ ಮೊದಲು ಒಂದು ಸಲ ಬೇರೆ ಕಡೆ ಮಾಡಿ ನೋಡಬೇಕೆಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಹಳೇ ಕಾಂಕ್ರೀಟಿನ ತುಂಡಿಗೆ ತೂತು ಹೊಡೆದ. ಹೊಡೆದದ್ದು ಒಂದು ಗಳಿಗೆ, ಅದನ್ನು ಚೊಕ್ಕ ಮಾಡಿದ್ದು ಅದಕ್ಕಿಂತ ಎಷ್ಟೋ ಹೊತ್ತು. ಬ್ರಷ್ ಹಾಕುವುದು, ಸೈಕಲ್ ಪಂಪಿನಿಂದ ಊದುವುದು, ಮತ್ತೆ ಬ್ರಷ್, ಮತ್ತೆ ಪಂಪು. ಮಗುವಿನ ಕಿವಿ ತೊಳೆಯುವ ಹಾಗಿದೆಯಲ್ಲೋ ಅಂದೆ. "ಧೂಳು ಉಳಿದ್ರೆ ಬೋಲ್ಟು ಧೂಳನ್ನ ಹಿಡಿಯುತ್ತೆ, ಕಾಂಕ್ರೀಟನ್ನ ಹಿಡಿಯಲ್ಲ" ಅಂದ. ಬೋಲ್ಟ್ ಇಳಿಸಿ ತಿರುಪಿದ. ತಿರುಪಿದಷ್ಟೂ ಒಳಗೆ ಅದರ ಬಾಲ ಅಗಲವಾಗಿ ಕಚ್ಚಿಕೊಳ್ಳುತ್ತದಂತೆ. ಆಮೇಲೆ ಅದಕ್ಕೆ ಹಾರೆ ಸಿಕ್ಕಿಸಿ, ತನ್ನ ಮೈಭಾರವನ್ನೆಲ್ಲ ಬಿಟ್ಟು ಮೀಟಿದ. ಹಾರೆ ಬಾಗಿತು, ಇವನ ಮುಖ ಕೆಂಪೇರಿತು, ಬೋಲ್ಟು ಮಿಸುಕಲಿಲ್ಲ. ನಾನು ಚಪ್ಪಾಳೆ ತಟ್ಟಿದೆ ಕಣೇ, ಈ ವಯಸ್ಸಿನಲ್ಲಿ!

ಮರುದಿನ ನಿನ್ನ ಕಾಗದ ಬಂತು.

ನಿಮ್ಮಮ್ಮ ಸಿಟ್ಟಿನಲ್ಲಿ ಅದನ್ನು ಹಿತ್ತಲಿನಲ್ಲೇ ಗಟ್ಟಿಯಾಗಿ ಓದಿದಳು, ಲಿಫ್ಟಿನವನು ಎಂಬ ಮಾತನ್ನೂ ಬಿಡದೆ. ಇವನು ಕೈಯಲ್ಲಿದ್ದ ಡ್ರಿಲ್ಲಿನ ವೈರು ಸುತ್ತಿ ಪೆಟ್ಟಿಗೆಯೊಳಗಿಟ್ಟ. "ಆ ಮಗು ಬೇಡ ಅಂದಿದೆ. ಬೇಡ ಅಂದ್ರೆ ಬೇಡ. ಅವಳು ಹೂಂ ಅಂದ ದಿನ ಹೊಡೀತೀನಿ."

"ಅನ್ನದೇ ಇದ್ರೆ?" ಅಂದಳು ನಿಮ್ಮಮ್ಮ.

"ಕಂಬ ಮಲಗಿರುತ್ತೆ. ಏನಾಗುತ್ತೆ?"

ನಿಮ್ಮಮ್ಮನಿಗೆ ಅಳು ಬಂತು. "ಆ ನೆಲದ ಮೇಲೆ ನಾನು ಎಷ್ಟು ವರ್ಷ ಒಬ್ಬಳೇ ಬಟ್ಟೆ ಒಣಗಿಸಿದ್ದೀನಿ ಅಂತ ಅವಳಿಗೇನು ಗೊತ್ತು ಅತ್ತೆ?" ಎಂದು ನನ್ನನ್ನು ಕೇಳಿದಳು. ಅವಳೂ ಸರಿ, ನೀನೂ ಸರಿ. ಸಂಜೆ ಅವನು ಒಬ್ಬನೇ ಇದ್ದಾಗ ಕೇಳಿದೆ, ಬೇಜಾರಾಯಿತೇನಪ್ಪ ಎಂದು. "ಲಿಫ್ಟಿನವನೇ ಅಲ್ವಾ ಅಮ್ಮ ನಾನು, ಅದರಲ್ಲಿ ತಪ್ಪೇನು?" ಎಂದು ನಕ್ಕ. ಆಮೇಲೆ, "ನಮ್ಮಪ್ಪ ಹೋದ ಮೇಲೆ ಅವರ ಸೈಕಲ್ಲನ್ನ ನಮ್ಮಣ್ಣ ಮಾರಿದ. ನಾನು ಎರಡು ದಿನ ಊಟ ಬಿಟ್ಟಿದ್ದೆ. ನಂಗೆ ಅರ್ಥ ಆಗುತ್ತೆ" ಅಂದ.

ಈಗ ಕಂಬಗಳು ನಡುಮನೆಯಲ್ಲಿ ಮಲಗಿವೆ. ನಾನು ದಿನಾ ಅವುಗಳನ್ನು ಸುತ್ತಿ ಬಳಸಿ ಬಚ್ಚಲಿಗೆ ಹೋಗುತ್ತೇನೆ. ನಿನ್ನ ಹಟ ತಪ್ಪೆಂದು ನಾನು ಹೇಳುವುದಿಲ್ಲ. ಅಪ್ಪನ ನೆಲದ ಮೇಲೆ ಮಗಳಿಗಿರುವ ಹಕ್ಕು ಯಾರಿಗಿದೆ? ಆದರೆ ನಿಮ್ಮಪ್ಪ ಮಾಡಿದ ಕೆಲಸ ಎಂಥದ್ದೆಂದು ನನಗೂ ನಿನಗೂ ಇಷ್ಟು ವರ್ಷ ಗೊತ್ತಿರಲಿಲ್ಲ ನೋಡು. ಮಣ್ಣು ಸರಿಸಿ ತೋರಿಸಿದವನು ಇವನು. ಹೂಂ ಅನ್ನು, ಉಹೂಂ ಅನ್ನು, ನಿನ್ನ ಇಷ್ಟ. ಎರಡಕ್ಕೂ ಅವನು ತಯಾರಿದ್ದಾನೆ. ಅಂಥವರನ್ನು ನಾನು ನೋಡಿದ್ದು ಕಡಿಮೆ.

ಹೊತ್ತಿಗೆ ಸರಿಯಾಗಿ ತಿನ್ನು. ರೋಗಿಗಳ ಮೇಲೆ ರೇಗಬೇಡ. ನಿನ್ನ ಕೈ ಮುಟ್ಟಿದವರ ನೋವೆಲ್ಲ ಇಳಿಯಲಿ, ನಿನ್ನ ಆಯಸ್ಸು ಗಟ್ಟಿಯಾಗಿರಲಿ, ನಿನಗೆ ನಗು ಕಡಿಮೆಯಾಗದಿರಲಿ.

ನಿನ್ನ
ಅಜ್ಜಿ

ಇನ್ನೊಂದು ಮಾತು. ಬರೆಯಬಾರದೆಂದು ಪೆನ್ನು ಮುಚ್ಚಿಟ್ಟಿದ್ದೆ, ಮತ್ತೆ ತೆಗೆದೆ. ಮೊನ್ನೆ ನಾನು ಒಳಗೆ ಬಟ್ಟೆ ಮಡಿಸುತ್ತಿದ್ದಾಗ ಇವನು ಹಿತ್ತಲಿನಿಂದ "ಅಮ್ಮಾ, ಒಂದು ನಿಮಿಷ ಬನ್ನಿ" ಎಂದು ಕರೆದ. ಬಂದೆ ಕಣೋ ಎಂದು ಎದ್ದು ಹೋದೆ. ನನ್ನ ಮಗನೇ ಕರೆದ ಅಂದುಕೊಂಡು ಬಾಗಿಲ ತನಕ ಹೋಗಿದ್ದೆ ಗುಬ್ಬೀ. ಇವನನ್ನು ಕಂಡಾಗ ದುಃಖವಾಗಬೇಕಿತ್ತು. ಆಗಲಿಲ್ಲ, ಖುಷಿಯೇ ಆಯಿತು. ಅದಕ್ಕೇ ಹೆದರಿದೆ. ವಾಪಸ್ ಬಂದು ಕೂತು ನಿಮ್ಮಪ್ಪನ ದನಿ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಮುಖ ಬರುತ್ತದೆ, ಕೈ ಬರುತ್ತದೆ, ಅವನು ಬಾಯಿ ತೆರೆದರೆ ಇವನ ದನಿ. ಅಂದಿನಿಂದ ದಿನಾ ನೋಡುತ್ತಿದ್ದೇನೆ, ಇಲ್ಲ. ಹೆತ್ತವಳಿಗೆ ಹೀಗಾಗುತ್ತದೆಯೇ? ನಿಮ್ಮಮ್ಮನನ್ನು ಕೇಳಲಾರೆ, ಅವಳು ಈಗಷ್ಟೇ ನಗುತ್ತಿದ್ದಾಳೆ. ಚಿಕ್ಕವಳಿದ್ದಾಗ ನೀನು ಬಾಗಿಲಲ್ಲಿ ನಿಂತು ನಿಮ್ಮಪ್ಪನ ಹಾಗೆಯೇ ನನ್ನನ್ನು ಕರೆದು ಎಲ್ಲರನ್ನೂ ನಗಿಸುತ್ತಿದ್ದೆ. ಕಂಬದ ವಿಷಯ ಬೇಡವೆಂದರೆ ಬೇಡ, ನಾನು ಬಿಸಿಲಿನಲ್ಲೇ ಕೂರುತ್ತೇನೆ. ನೀನು ಮಾತ್ರ ಬಾ. ಬಂದು ಅವನ ಹಾಗೆ ಒಂದು ಸಲ ನನ್ನನ್ನು ಅಮ್ಮಾ ಅಂತ ಕರೆ.