ಐದು ನಿಮಿಷದಲ್ಲಿ ಹೊಡೆದುಹಾಕಿದ ನನ್ನ ಹೆಸರನ್ನು ಮರಳಿ ಬರೆಯಿರಿ

ಕಾರ್ಖಾನೆ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಕಚೇರಿಯ ಮೇಲೆ ನನ್ನ ದೂರು ಸ್ವಲ್ಪ ವಿಚಿತ್ರವಾದದ್ದು. ನಿಮ್ಮವರು ನನ್ನ ಕೆಲಸವನ್ನು ತೀರಾ ಬೇಗ ಮಾಡಿಕೊಟ್ಟರು. ಕಳೆದ ತಿಂಗಳ ಮೊದಲ ಭಾನುವಾರ, ವಾರದ ರಜೆ ಮುಗಿದು ಕಚೇರಿ ತೆರೆದ ಕೂಡಲೇ, ನಮ್ಮ ಮಹಲ್ಲಾ ಊರಿನ ಒಂದು ಬ್ಲೀಚ್ ಕಾರ್ಖಾನೆಯ ಪರವಾನಗಿಯಲ್ಲಿ 'ಜವಾಬ್ದಾರ ಇಂಜಿನಿಯರ್' ಎಂಬ ಖಾನೆಯಿಂದ ನನ್ನ ಹೆಸರು ಹೊಡೆದು, ನನ್ನ ಸಹಪಾಠಿ ಮೆರೀತ್ ಬಿಶಾರಾಳ ಹೆಸರು ಬರೆಯಲು ಅವರಿಗೆ ಹಿಡಿದದ್ದು ಐದೇ ನಿಮಿಷ. ಅವಳ ಹೆಸರು ತೆಗೆದು ನನ್ನದನ್ನೇ ಮತ್ತೆ ಬರೆಯಿರಿ ಎಂದು ಅಂದಿನಿಂದ ನಾಲ್ಕು ಸಲ ಬಂದು ಕೇಳಿದ್ದೇನೆ. ಅದಕ್ಕೆ ಮಾತ್ರ ನಿಮ್ಮವರಿಗೆ ಪುರುಸೊತ್ತು ಸಿಕ್ಕಿಲ್ಲ. ನನಗೆ ಹೆದರಿಕೆಯಾಗುತ್ತಿದೆ. ಮುಚ್ಚಿದ ಲಕೋಟೆಯ ಪತ್ರಗಳು ನಿಮ್ಮಲ್ಲಿ ಎಲ್ಲಿಗೆ ಹೋಗುತ್ತವೆಂದು ಗೊತ್ತಿರುವುದರಿಂದ ಇದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಯಾರೆಂದು ಹೇಳಬೇಕಲ್ಲ. ಹೆಸರು ತಹಾನಿ, ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರ ಮಗಳು. ಐದು ವರ್ಷ ರಾಸಾಯನಿಕ ಇಂಜಿನಿಯರಿಂಗ್ ಓದಿದೆ. ಕಾಲೇಜಿಗೆ ಸೇರಿದ ದಿನದಿಂದಲೇ ಇಡೀ ಓಣಿ ನನ್ನನ್ನು ಇಂಜಿನಿಯರವ್ವ ಎಂದು ಕರೆಯತೊಡಗಿತು. ನಮ್ಮಲ್ಲಿ ಆ ಗೌರವ ಮುಂಗಡವಾಗಿಯೇ ಸಿಗುತ್ತದೆ. ಕೊನೆಯ ವರ್ಷ ನಾನೂ ಮೆರೀತಳೂ ಸೇರಿ ಕಾಗದದ ಮೇಲೆ ಒಂದು ದೊಡ್ಡ ಕ್ಲೋರಿನ್ ಕಾರ್ಖಾನೆ ಕಟ್ಟಿದೆವು. ಪ್ರತಿ ಕೊಳವೆಗೂ ಮಾಪಕ, ಪ್ರತಿ ಮಾಪಕಕ್ಕೂ ಒಂದು ಎಚ್ಚರಿಕೆಯ ಗಂಟೆ. ನಮ್ಮ ಮೇಷ್ಟರು ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು, "ತಪ್ಪು ಮಾಡೂದಿದ್ರ ಇಲ್ಲೇ ಮಾಡಿಬಿಡ್ರಿ. ಕಾಗದದ ಮ್ಯಾಲ ಯಾರೂ ಸಾಯಂಗಿಲ್ಲ" ಅಂದಿದ್ದರು. ನಾವು ನಕ್ಕಿದ್ದೆವು.

ಓದು ಮುಗಿದ ಮೇಲೆ ದೊಡ್ಡ ಕಾರ್ಖಾನೆಗಳು ಅನುಭವ ಕೇಳಿದವು. ಅನುಭವ ಎಲ್ಲಿ ಸಿಗುತ್ತದೆ ಎಂದರೆ ಕೆಲಸದಲ್ಲಿ ಎಂದವು. ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಲಾಗದು ಎಂದು ಕೆಲವರು, ಯಾರ ಶಿಫಾರಸು ತಂದಿದ್ದೀರಿ ಎಂದು ಉಳಿದವರು. ಹದಿನೆಂಟು ತಿಂಗಳ ನಂತರ ಈ ಬ್ಲೀಚ್ ಕಾರ್ಖಾನೆಯ ಮಾಲೀಕರಾದ ಹಾಜಿ ರಿಯಾಧರು ಸಿಕ್ಕರು. ಅವರಿಗೆ ಅನುಭವ ಬೇಕಿರಲಿಲ್ಲ, ಪಾಳಿಯೂ ಇರಲಿಲ್ಲ. ನಿಮ್ಮ ಖಾನೆ ತುಂಬಲು ಒಂದು ಹೆಸರು ಬೇಕಿತ್ತು. "ಗುರುವಾರಕ್ಕೊಮ್ಮೆ ಬಂದು ಚಹಾ ಕುಡದು ಹೋಗವಾ, ಸಾಕು" ಎಂದರು. ನಮ್ಮ ತಂದೆ ಆ ದಿನ ಮಸೀದಿಯಿಂದ ಬರುವಾಗ ಎಲ್ಲರಿಗೂ ಬಸಬೂಸ ಸಿಹಿ ಹಂಚಿದರು. ಹೀಗೆ ನನ್ನ ವೃತ್ತಿಜೀವನ ಆರಂಭವಾಯಿತು.

ಬ್ಲೀಚ್ ಮಾಡುವುದು ಹೇಗೆಂದು ನಿಮಗೆ ಗೊತ್ತಿರಲೇಬೇಕು, ಪರವಾನಗಿ ಕೊಡುವವರು ನೀವು. ಆದರೂ ಓದುಗರಿಗಾಗಿ ಹೇಳುತ್ತೇನೆ. ತೊಟ್ಟಿಯಲ್ಲಿ ಕಾಸ್ಟಿಕ್ ಸೋಡಾದ ನೀರು ತುಂಬಿ, ಸಿಲಿಂಡರಿನಿಂದ ಅದರೊಳಕ್ಕೆ ಕ್ಲೋರಿನ್ ಅನಿಲ ಬಿಡುತ್ತಾರೆ. ಸೋಡಾ ಇರುವತನಕ ಅದು ಅನಿಲವನ್ನು ನುಂಗಿಕೊಳ್ಳುತ್ತದೆ. ಸೋಡಾ ಮುಗಿಯುವ ಮೊದಲೇ ವಾಲ್ವ್ ಮುಚ್ಚಬೇಕು. ಮುಚ್ಚದಿದ್ದರೆ ಅನಿಲ ಮೇಲೆದ್ದು ಹೊರಗೆ ಬರುತ್ತದೆ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹೋಗುತ್ತದೆ. ನಮ್ಮ ಕಾರ್ಖಾನೆಯ ಗೋಡೆಗೆ ಹೊಂದಿಕೊಂಡ ತಗ್ಗು ಯಾವುದು ಗೊತ್ತೇ? ಪಕ್ಕದ ಕಟ್ಟಡದ ನೆಲಮಾಳಿಗೆ. ಅಲ್ಲಿ ನಲವತ್ತು ಹುಡುಗಿಯರು ಶಾಲಾ ಸಮವಸ್ತ್ರ ಹೊಲಿಯುತ್ತಾರೆ. ಹತ್ತಿ ಬರಲು ಇರುವುದು ಒಂದೇ ಮೆಟ್ಟಿಲು, ಅದರ ಅರ್ಧಕ್ಕೆ ಬಟ್ಟೆಯ ಸುರುಳಿಗಳನ್ನು ಪೇರಿಸಿದ್ದಾರೆ.

ಸೋಡಾ ಎಷ್ಟು ಉಳಿದಿದೆ ಎಂದು ಹೇಳುವ ಮೀಟರ್ ಈ ಕಾರ್ಖಾನೆಯಲ್ಲಿ ಇದೆ. ನಿಮ್ಮ ಕಡತದಲ್ಲಿ ಅದರ ಫೋಟೋ ಇದೆ, ಫೋಟೋದ ಕೆಳಗೆ 'ಸದಾ ಬಳಕೆಯಲ್ಲಿದೆ' ಎಂಬ ಸಾಲಿಗೆ ನನ್ನ ಸಹಿ ಇದೆ. ಫೋಟೋ ತೆಗೆದ ಸಂಜೆಯೇ ಮೀಟರನ್ನು ಒರೆಸಿ ಪೆಟ್ಟಿಗೆಗೆ ಹಾಕಿ ಹಾಜಿಯವರ ಕೋಣೆಯ ಗಾಜಿನ ಕಪಾಟಿನಲ್ಲಿ, ಅವರ ಹೆಂಡತಿಯ ಚಹಾ ಬಟ್ಟಲುಗಳ ಪಕ್ಕದಲ್ಲಿ ಇಟ್ಟರು. ನಾನು ಕೇಳಿದೆ. "ಹಿಂದಿನವು ಎರಡೂ ತುಕ್ಕ ಹಿಡದು ಹಾಳಾದುವವಾ. ಇದನ್ನರ ಜ್ವಾಕಿ ಮಾಡೂಣು. ತಪಾಸಣಿಗೆ ಬಂದಾಗ ಹಚ್ಚಿದ್ರಾತು" ಎಂದರು. ಅವರು ಕೆಟ್ಟವರಲ್ಲ. ಅವರ ಕೋಣೆ ಇರುವುದು ತೊಟ್ಟಿಯ ಪಕ್ಕದಲ್ಲೇ. "ನಾನೂ ಇಲ್ಲೇ ಕುಂದರತೇನಿ. ನನಗೇನು ಜೀವ ಬ್ಯಾಡಾಗೇತೇನು?" ಎಂದು ಕೇಳುತ್ತ ನನಗೂ ಒಂದು ಲೋಟ ಚಹಾ ತರಿಸಿದರು.

ಹಾಗಾದರೆ ಸೋಡಾ ಮುಗಿಯುತ್ತ ಬಂದದ್ದು ತಿಳಿಯುವುದು ಹೇಗೆ? ಶಹಾತಾ ಕಾಕಾನ ಬೆರಳಿನಿಂದ. ತೊಟ್ಟಿಯ ಕೆಲಸದಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ. ಸೋಡಾ ನೀರು ಬೆರಳಿಗೆ ಸಾಬೂನಿನಂತೆ ಜಾರುತ್ತದೆ. ಕಾಕಾ ಎರಡು ಬೆರಳು ಅದ್ದಿ ತಿಕ್ಕಿ ನೋಡುತ್ತಾನೆ.

"ನಿಮ್ಮ ಮೀಟರಿಗೆ ಬ್ಯಾಟರಿ ಬೇಕು ಇಂಜಿನಿಯರವ್ವಾ, ನನ್ನ ಬೆರಳಿಗೆ ಏನೂ ಬ್ಯಾಡ. ಎಲ್ಲೀತನಕ ಜಾರತೈತಿ ಅಲ್ಲೀತನಕ ಗ್ಯಾಸ್ ಬಿಡೂದು. ಜಾರೂದು ಕಮ್ಮಿ ಆತು, ಬಂದ್ ಮಾಡೂದು. ಇಷ್ಟ ವರ್ಷದಾಗ ಯಾರರ ಸತ್ತಾರೇನು?"

ಯಾರೂ ಸತ್ತಿರಲಿಲ್ಲ. ಐದು ವರ್ಷ ಓದಿದವಳು ಇಪ್ಪತ್ತೆರಡು ವರ್ಷ ಬೆರಳು ಅದ್ದಿದವನ ಮುಂದೆ ಏನು ಮಾತಾಡಬೇಕು?

ಒಂದು ಗುರುವಾರ ಚಹಾ ಕುಡಿಯುತ್ತ ಕಾಕಾ ಗುರುತಿನ ಚೀಟಿ ಮಾಡಿಸಲು ಹೋದ ಕತೆ ಹೇಳಿದ. ಯಂತ್ರದ ಮೇಲೆ ಹೆಬ್ಬೆರಳು ಒತ್ತಿದ, ಬರಲಿಲ್ಲ. ತೋರುಬೆರಳು ಒತ್ತಿದ, ಅದೂ ಬರಲಿಲ್ಲ. ಹತ್ತೂ ಬೆರಳು ಒತ್ತಿಸಿದರು. "ಸರ್ಕಾರದ ಮಷೀನಿನ ಲೆಕ್ಕದಾಗ ನಾ ಇನ್ನಾ ಹುಟ್ಟೇ ಇಲ್ಲ ನೋಡವಾ. ನಾಳೆ ಕಳವು ಮಾಡಿದ್ರೂ ಸಿಗಂಗಿಲ್ಲ." ಎಲ್ಲರೂ ನಕ್ಕರು. ನಾನು ಅವನ ಕೈ ಹಿಡಿದು ನೋಡಿದೆ. ಬೆರಳ ತುದಿಗಳಲ್ಲಿ ಒಂದೂ ಗೆರೆ ಇರಲಿಲ್ಲ. ಸೋಡಾ ಎಲ್ಲವನ್ನೂ ತಿಂದು ನುಣ್ಣಗೆ ಮಾಡಿತ್ತು.

ಉಳಿದವರು ಎದ್ದುಹೋದ ಮೇಲೆ ನಾನು ಎರಡು ಚಹಾ ಲೋಟ ತೆಗೆದುಕೊಂಡೆ. ಒಂದರಲ್ಲಿ ತೆಳುವಾದ ಸೋಡಾ ನೀರು, ಇನ್ನೊಂದರಲ್ಲಿ ನಲ್ಲಿ ನೀರು. ಕಾಕಾನಿಗೆ ಗೋಡೆ ನೋಡಲು ಹೇಳಿ ಬೆರಳು ಅದ್ದಿಸಿದೆ.

"ಇದು?"

"ಜಾರತೈತಿ."

"ಇದು?"

"ಇದೂ ಜಾರತೈತಿ. ಯಾಕವಾ?"

ಅವನು ತಿರುಗಿ ನನ್ನ ಮುಖ ನೋಡಿದ, ಆಮೇಲೆ ಲೋಟಗಳನ್ನು ನೋಡಿದ. ಒಂದನ್ನು ಮೂಸಿದ. ಬಹಳ ಹೊತ್ತು ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ. "ಹಾಜಿಗೆ ಹೇಳಬ್ಯಾಡವಾ. ಮಗಳ ಮದುವಿ ಐತಿ" ಎಂದ. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆ ದಿನದಿಂದ ಭಯ ನನ್ನ ಜೊತೆಗೇ ವಾಸವಾಗಿದೆ, ಮಾನ್ಯರೇ. ವಾರಕ್ಕೊಮ್ಮೆ ಹೋಗುತ್ತಿದ್ದವಳು ಅನಿಲ ಬಿಡುವ ಮೂರೂ ದಿನ ಹೋಗತೊಡಗಿದೆ. ಕಾಲೇಜಿನಿಂದ ತಂದ ಬಣ್ಣದ ಪರೀಕ್ಷಾ ಕಾಗದ ಅದ್ದಿ ನಾನೇ ನೋಡುತ್ತಿದ್ದೆ. ಮನೆಯಲ್ಲಿ ಅಮ್ಮ ಬ್ಲೀಚ್ ಹಾಕಿ ನೆಲ ಒರೆಸುವಾಗ, "ಇದು ನಮ್ಮ ತಹಾನಿ ಕಾರ್ಖಾನಿದು" ಎಂದು ಮೆಟ್ಟಿಲ ಮೇಲಿನ ನೆರೆಯವರಿಗೆ ಕೇಳುವಂತೆ ಹೇಳುತ್ತಾಳೆ. ಆ ವಾಸನೆ ಬಂದರೆ ನಾನು ಎದ್ದು ಹೋಗಿ ಕಿಟಕಿ ತೆರೆಯುತ್ತೇನೆ. ಫೋನ್ ಗಂಟೆ ಬಾರಿಸಿದರೆ ಎತ್ತುವ ಮೊದಲೇ ನಲವತ್ತು ಹುಡುಗಿಯರನ್ನು ಎಣಿಸುತ್ತೇನೆ.

ಒಂದು ಸೋಮವಾರ ನಾನು ಬರುತ್ತಿದ್ದ ವ್ಯಾನ್ ಕೆಟ್ಟು ಅರ್ಧ ಗಂಟೆ ತಡವಾಯಿತು. ನಾನು ಓಣಿ ತಿರುಗುವಾಗಲೇ ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು. ಡಬ್ಬ ತುಂಬುವ ನಜಾತ್ ಎಂಬಾಕೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಓಡಿಹೋಗಿ ವಾಲ್ವ್ ಮುಚ್ಚಿದ್ದಳು. ನೆಲಮಾಳಿಗೆಯಿಂದ ಹುಡುಗಿಯರು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಒಬ್ಬೊಬ್ಬರೇ ಹತ್ತಿ ಬಂದರು. ಕೆಲವರು ಅನಿರೀಕ್ಷಿತ ರಜೆ ಸಿಕ್ಕಿತೆಂದು ನಗುತ್ತಿದ್ದರು. ನಜಾತ್ ಹದಿನೈದು ದಿನ ಕೆಮ್ಮಿದಳು. ಕಾಕಾ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು, "ಜಾರತಿತ್ತವಾ, ದೇವರಾಣಿ ಜಾರತಿತ್ತು" ಎನ್ನುತ್ತಲೇ ಇದ್ದ.

ನಾನು ನಿಮ್ಮ ಕಚೇರಿಗೆ ಬಂದದ್ದು ಆಗ. ಒಂಬತ್ತನೇ ಕಿಟಕಿಯ ಗುಮಾಸ್ತರು ಕಡತ ತೆಗೆದರು. ನನ್ನ ಹೆಸರು ತೆಗೆಯಿರಿ ಎಂದೆ.

"ಬದಲಿ ಹೆಸರು ತಂದ್ರ ಐದು ನಿಮಿಷದ ಕೆಲಸ. ಖಾಲಿ ಬಿಡಾಕ ಬರಂಗಿಲ್ಲ."

"ಖಾಲಿ ಬಿಟ್ರ ಏನಾಗ್ತೈತ್ರಿ?"

"ಕಾರ್ಖಾನಿ ಬಂದ್ ಆಗ್ತೈತಿ."

"ಬಂದ್ ಮಾಡ್ರಲ್ಲ. ಅಲ್ಲೆ ಮೀಟರ್ ಇಲ್ಲ."

ಅವರು ಕನ್ನಡಕ ಏರಿಸಿ ನನ್ನ ಕಡೆ ಮರುಕದಿಂದ ನೋಡಿದರು. "ಐತಲ್ಲವಾ, ಇಲ್ಲಿ ನೋಡು ಫೋಟೋ. ಕೆಳಗ ಸಹಿ ಯಾರದು? ಜವಾಬ್ದಾರ ಇಂಜಿನಿಯರ್ ಬರದು ಕೊಟ್ರ ಅವತ್ತ ಬೀಗ ಜಡೀತೀವಿ, ಕಾಯದೇನ ಹಂಗೈತಿ. ಆದ್ರ ಸುಳ್ಳ ಸಹಿ ಮಾಡಿದಾಕಿ ಮೊದಲು ಒಳಗ ಹೋಗ್ತಾಳ. ಬರೀತೀಯೇನು? ಕಾಗದ ಕೊಡಲೇನು?"

ನಾನು ಕಾಗದ ತೆಗೆದುಕೊಳ್ಳಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಈ ಪತ್ರದಲ್ಲಿ ನಿಮ್ಮನ್ನಷ್ಟೇ ಆಡಿಕೊಂಡರೆ ನಾನೂ ಸುಳ್ಳಿಯಾಗುತ್ತೇನೆ. ಒಂದು ಸಾಲು ಬರೆದಿದ್ದರೆ ಕಾರ್ಖಾನೆ ಅಂದೇ ಮುಚ್ಚುತ್ತಿತ್ತು. ಹನ್ನೊಂದು ತಿಂಗಳು ಆ ಅಧಿಕಾರ ನನ್ನ ಕೈಯಲ್ಲಿತ್ತು. ಜೈಲಿಗೆ ಹೆದರಿದೆ. ಅಪ್ಪ ಹಂಚಿದ ಬಸಬೂಸ ನೆನಪಾಯಿತು. ಬದಲಿ ಹೆಸರು ಹುಡುಕಿಕೊಂಡು ಹೊರಟೆ.

ದೂರ ಹೋಗಬೇಕಾಗಲಿಲ್ಲ. ಮೆರೀತ್ ಎರಡೂವರೆ ವರ್ಷದಿಂದ ಶಾಲಾ ಮಕ್ಕಳಿಗೆ ಮನೆಪಾಠ ಹೇಳುತ್ತ ಕುಳಿತಿದ್ದಳು. ನಾನು ಮೀಟರಿನ ಸಂಗತಿ ಹೇಳಿದೆ.

"ನೀ ಮೊದಲಿಂದಾನೂ ಅಂಜುಬುರುಕಿ," ಎಂದಳು. "ನಾ ಹೋದ ಮೊದಲನೇ ವಾರ ಆ ಮೀಟರ್ ಹಚ್ಚಿಸ್ತೀನಿ ನೋಡು. ಹಾಜಿ ನನ್ನ ಮುಂದ ಏನು ಮಾತಾಡ್ತಾನ?"

ಎರಡು ಲೋಟಗಳ ಸಂಗತಿ ಹೇಳಲಿಲ್ಲ. ಕಾಕಾನಿಗೆ ಮಾತು ಕೊಟ್ಟಿದ್ದೆ ಎಂಬುದು ನಾನು ನನಗೇ ಹೇಳಿಕೊಂಡ ನೆಪ. ನಿಜವೇನೆಂದರೆ, ಹೇಳಿದರೆ ಅವಳು ಸಹಿ ಹಾಕಲಿಕ್ಕಿಲ್ಲ ಎಂದು ಹೆದರಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಎಲ್ಲರೆದುರು ಮುಟ್ಟಿಕೊಳ್ಳುತ್ತಿದ್ದೇನೆ, ನೋಡಿ. ಆ ಭಾನುವಾರ ನಿಮ್ಮ ಗುಮಾಸ್ತರು ಮುದ್ರೆ ಒತ್ತಿದ ಮೇಲೆ ಮನೆಗೆ ಹೋಗಿ ಎರಡು ತಟ್ಟೆ ಅನ್ನ-ಬೇಳೆಯ ಕೋಶರಿ ತಿಂದೆ. ಅಷ್ಟು ರುಚಿಯಾಗಿ ಉಂಡು ತಿಂಗಳುಗಳಾಗಿದ್ದವು. ಹದಿನೈದು ದಿನ ಫೋನ್ ಬಂದಾಗ ಯಾರನ್ನೂ ಎಣಿಸಲಿಲ್ಲ.

ಆಮೇಲೆ ಮೆರೀತ್ ಫೋನ್ ಮಾಡಿದಳು. ಬಹಳ ಖುಷಿಯಲ್ಲಿದ್ದಳು. ಮೀಟರ್ ಹಚ್ಚಿದರೇ ಎಂದು ಕೇಳಿದೆ.

"ಹಬ್ಬ ಆದ ಮ್ಯಾಲ ಹಚ್ಚೋಣಂತಂದ್ರು ಹಾಜಿ. ಅದರ ಬಗ್ಗೆ ಚಿಂತಿ ಬ್ಯಾಡ. ಶಹಾತಾ ಕಾಕಾ ನನಗ ಬೆರಳಿಂದ ನೋಡೂದು ಕಲಿಸ್ಯಾನ. ಈಗ ಗ್ಯಾಸ್ ಬಿಡೂ ದಿನ ನಾನ ನೋಡ್ತೀನಿ. ಅಂವ ಪಕ್ಕಕ್ಕ ನಿಂತು ನನ್ನ ಕೇಳ್ತಾನ, ಜಾರತೈತೇನವಾ ಅಂತ."

"ಮೆರೀತ್, ಕೈಗವುಸು ಹಾಕ್ಕೊ. ಪರೀಕ್ಷಾ ಕಾಗದ ಕೊಡ್ತೀನಿ, ನಾಳೆ ತರ್ತೀನಿ."

"ಕೈಗವುಸು ಹಾಕ್ಕೊಂಡ್ರ ಹೆಂಗ ಗೊತ್ತಾಗಬೇಕು? ಮೊದಮೊದಲು ಭಾಳ ಉರೀತಿತ್ತು. ಈಗ ಏನೂ ಅನಸಂಗಿಲ್ಲ."

ಆಗ ಎರಡು ಲೋಟಗಳ ಸಂಗತಿ ಹೇಳಿದೆ. ಎಲ್ಲವನ್ನೂ ಹೇಳಿದೆ. "ನೌಕರಿ ವಾಪಸ್ ಬೇಕಾಗೇತೇನು ನಿನಗ? ಹಂಗಂತ ನೆಟ್ಟಗ ಹೇಳಬಾರದ?" ಎಂದು ಫೋನ್ ಇಟ್ಟಳು. ಅಂದಿನಿಂದ ಎತ್ತುತ್ತಿಲ್ಲ.

ಹೌದು ಮಾನ್ಯರೇ, ವಾಪಸ್ ಬೇಕಾಗಿದೆ. ಈಗ ನಾನು ಹೊರಗಿನವಳು. ಮೀಟರ್ ಪೆಟ್ಟಿಗೆಯಲ್ಲಿದೆ ಎಂದು ನಾನು ಹೇಳಿದರೆ ನಿಮ್ಮ ಒಂಬತ್ತನೇ ಕಿಟಕಿಯವರು, ಕೆಲಸ ಬಿಟ್ಟವರ ಹೊಟ್ಟೆಕಿಚ್ಚಿಗೆ ಕಾಯಿದೆಯಲ್ಲಿ ಅವಕಾಶವಿಲ್ಲ ಎನ್ನುತ್ತಾರೆ. ಜವಾಬ್ದಾರ ಇಂಜಿನಿಯರ್ ಬರೆದರೆ ಮಾತ್ರ ಬೀಗ. ಮೆರೀತ್ ಬರೆಯುವುದಿಲ್ಲ, ನಾನೂ ಬರೆದಿರಲಿಲ್ಲ. ಹಸಿದ ಹೊಟ್ಟೆಯವರನ್ನೇ ಆರಿಸಿ ಆ ಖಾನೆಯಲ್ಲಿ ಕೂರಿಸಿ, ಬಾಯಿಬಿಟ್ಟರೆ ಮೊದಲು ನಿನ್ನನ್ನೇ ಹಿಡಿಯುತ್ತೇವೆ ಎಂದು ನಿಯಮ ಮಾಡಿದವರು ಎಂಥ ಜಾಣರು! ಇಂಥ ಬಂದೋಬಸ್ತಿನ ವಾಲ್ವನ್ನು ನಾವು ಐದು ವರ್ಷದಲ್ಲಿ ಯಾವ ನಕ್ಷೆಯಲ್ಲೂ ಬರೆದಿರಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಮೆರೀತಳ ಹೆಸರು ಹೊಡೆಯಿರಿ, ನನ್ನದನ್ನು ಬರೆಯಿರಿ. ಬದಲಿ ಹೆಸರು ತಂದರೆ ಐದು ನಿಮಿಷ ಎಂದಿದ್ದೀರಿ, ತಂದಿದ್ದೇನೆ. ಬರೆದ ಕ್ಷಣದಿಂದ ಈ ಪತ್ರವನ್ನೇ ಜವಾಬ್ದಾರ ಇಂಜಿನಿಯರ್ ಕೊಟ್ಟ ಲಿಖಿತ ಹೇಳಿಕೆ ಎಂದು ತೆಗೆದುಕೊಳ್ಳಿ: ಕಾರ್ಖಾನೆ ಸುರಕ್ಷಿತವಲ್ಲ, ಫೋಟೋದ ಕೆಳಗಿನ ನನ್ನ ಸಹಿ ಸುಳ್ಳು. ಆರನೇ ನಿಮಿಷಕ್ಕೆ ಬೀಗ ಹಾಕಿ, ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ. ನನಗೆ ಧೈರ್ಯ ಬಂದಿದೆ ಎಂದುಕೊಳ್ಳಬೇಡಿ. ಜೈಲಿಗೆ ಇವತ್ತಿಗೂ ಹೆದರುತ್ತೇನೆ. ಆದರೆ ಮೆರೀತಳ ಬೆರಳು ಉರಿಯುವುದು ನಿಂತಿದೆ, ಮಾನ್ಯರೇ. ನಾಳೆ ಬೆಳಗ್ಗೆ ಎಂಟಕ್ಕೆ ಅವರು ಮತ್ತೆ ಅನಿಲ ಬಿಡುತ್ತಾರೆ.

ಇಂತಿ,
ನಿಮ್ಮ ಕಡತದಲ್ಲಿ ಸದ್ಯ ಯಾವುದಕ್ಕೂ ಜವಾಬ್ದಾರಳಲ್ಲದ
ತಹಾನಿ ಖಲೀಲ್ ಅಲ್-ದೀಬ್,
ರಾಸಾಯನಿಕ ಇಂಜಿನಿಯರ್