ಗೇಟಿನ ಹಾಡಿಗೆ ಕೈಮುಗಿಯುವವರು

ಕಾರವಾರ
೨೧೮೬, ಎರಡನೇ ಮೇ ತಿಂಗಳ ೧೯

ಮದ್ದೂರಿನ ಗಾರ್ಮೆಂಟ್ಸ್ ಗೇಟಿನ ಮುಂದೆ ನಿಂತು ಹಾಡು ಕಟ್ಟುತ್ತಿರುವ ಅಕ್ಕಂದಿರಿಗೆ ಹೊನ್ನಮ್ಮ ಆಗೇರಳ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದು ನಮ್ಮ ಸರ್ಕಾರ ಮೇ ತಿಂಗಳನ್ನು ಎರಡು ಸಲ ಇಟ್ಟಿದೆ. ನಿಮಗಿಂತ ನೂರೈವತ್ತು ವರ್ಷಕ್ಕೂ ಈಚಿನವಳು ನಾನು, ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಉಪ್ಪುಮನೆಯಲ್ಲಿ ಕೆಲಸ ಮಾಡುವವಳು. ಉಪ್ಪುಮನೆಯೆಂದರೆ ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಕಾರ್ಖಾನೆ. ಅಂಗಳದ ಬಿಸಿಲಿನಲ್ಲಿ ನಿಂತು, ಸೋಸುವ ಪರದೆಗಳಿಗೆ ಅಂಟಿದ ಉಪ್ಪನ್ನು ಕೆರೆಯುವುದು ನಮ್ಮ ಇನ್ನೂರು ಜನರ ಕೆಲಸ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಎರಡು ತಾಸು ಒಳಗೆ ಹೋಗಿ ಕೂರುವುದಕ್ಕೆ ನೆರಳು ಪಾಳಿ ಅನ್ನುತ್ತೇವೆ. ಹೋದ ವಾರ ಅದನ್ನು ಒಂದೇ ಒಂದು ದಿನ ತೆಗೆದು ನೋಡಿದರು. ನನ್ನ ಪಕ್ಕದಲ್ಲಿ ಕೆರೆಯುತ್ತಿದ್ದ ತುಳಸಿ ಬಿದ್ದವಳು ಇನ್ನೂ ಮಾತಾಡಿಲ್ಲ. ನಾಡಿದ್ದಿನಿಂದ ನೆರಳು ಪಾಳಿಯೇ ಇರುವುದಿಲ್ಲವಂತೆ.

ನಾಳೆ ಯಾರೂ ಒಳಗೆ ಹೋಗಬಾರದೆಂದು ನಮ್ಮ ಸಂಘ ತೀರ್ಮಾನಿಸಿದೆ. ಏನು ಬಂತು? ಹಿಂದೆಯೂ ಎರಡು ಸಲ ಹೀಗೇ ತೀರ್ಮಾನವಾಗಿತ್ತು. ನಮ್ಮವರು ಗೇಟಿನ ಮುಂದೆ ನಿಂತು ನಿಮ್ಮ ಹಾಡು ಹಾಡಿದರು. 'ಸೂಜಿ ನಿಲ್ಲಿಸಿ ಬನ್ನಿರೇ, ಗೇಟಿನಾಚೆ ನಿಲ್ಲಿರೇ' ಎಂದು ಕಣ್ಣು ಮುಚ್ಚಿ, ಕೈಮುಗಿದು, ರಾಗವಾಗಿ ಹಾಡಿ ಮುಗಿಸಿ, ಸಾಲಾಗಿ ಒಳಗೆ ಹೋಗಿ ಉಪ್ಪು ಕೆರೆದರು! ಕರ್ಮ ನಮ್ಮದು. ಸೂಜಿ ಕಂಡವರು ಇಲ್ಲಿ ಯಾರೂ ಇಲ್ಲ. ಸೂಜಿಯೆಂದರೆ ಚಂಚಲ ಮನಸ್ಸು, ಗೇಟೆಂದರೆ ದೇಹ ಎಂದು ಒಬ್ಬ ಪಂಡಿತರು ಪುಸ್ತಕವನ್ನೇ ಬರೆದಿದ್ದಾರೆ. ಮ್ಯಾನೇಜರಿಗೂ ನಿಮ್ಮ ಹಾಡೆಂದರೆ ಪ್ರಾಣ. ಸ್ಪೀಕರ್ ಕೊಡಿಸಿದ್ದೇ ಅವರು.

ಹಾಡಿನಿಂದ ಸೂಜಿ ತೆಗೆದು ಉಪ್ಪು ಕೆರೆಯುವ ನಮ್ಮ ಉಳಿ ಹಾಕೋಣ, ತುಳಸಿಯ ಹೆಸರು ಸೇರಿಸೋಣ ಎಂದೆ. ಸಂಘದ ಅಧ್ಯಕ್ಷ ಬೊಮ್ಮಣ್ಣ ಹೌಹಾರಿಬಿಟ್ಟ. "ಹಿರಿಯರ ಹಾಡಿಗೆ ಕೈ ಹಾಕ್ತ್ಯನೇ? ನಿಂಗೆ ತಲೆ ಸಮಾ ಇದ್ಯನೇ?" ಅಂದ. ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಅಕ್ಕಂದಿರೇ, ತಪ್ಪು ನಿಮ್ಮದೂ ಇದೆ. ನೀವು ಬಿಟ್ಟುಹೋದ ರೆಕಾರ್ಡಿಂಗ್ ತೊಳೆದು ಒರೆಸಿಟ್ಟ ತಟ್ಟೆಯ ಹಾಗಿದೆ. ಒಂದು ಕೆಮ್ಮಿಲ್ಲ, ಒಂದು ತಡವರಿಕೆಯಿಲ್ಲ. ಕೊನೆಯಲ್ಲಿ ಮಾತ್ರ, ಕತ್ತರಿಸುವಾಗ ಕಣ್ತಪ್ಪಿ ಉಳಿದಿರಬೇಕು, ಯಾರೋ ಒಬ್ಬಾಕೆ ಗದರುತ್ತಾಳೆ: "ಇದು ನಿನ್ನೆ ಸಾಲು ಕಣಮ್ಮಿ, ಇವತ್ಗೆ ಆಗಲ್ಲ, ಬದ್ಲಾಯ್ಸು..." ಅಷ್ಟಕ್ಕೇ ನಿಂತುಹೋಗುತ್ತದೆ. ಅಂದರೆ ನೀವು ಈ ಹಾಡನ್ನು ದಿನಾ ಬದಲಾಯಿಸುತ್ತಿದ್ದಿರಿ! ಬೊಮ್ಮಣ್ಣನಿಗೆ ಇದನ್ನು ಹತ್ತು ಸಲ ಹಾಕಿ ಕೇಳಿಸಿದೆ. ಅದು ಹಾಡಲ್ಲ, ಗಲಾಟೆ ಅನ್ನುತ್ತಾನೆ.

ನನ್ನ ಕೋರಿಕೆ ಇಷ್ಟೇ, ಆ ಗಲಾಟೆಯನ್ನು ಅಳಿಸಬೇಡಿ. ಯಾವ ಸಾಲನ್ನು ಯಾರು ಕಿತ್ತುಹಾಕಿದರು, ಯಾಕೆ, ಯಾರು ಮುನಿಸಿಕೊಂಡು ಎದ್ದುಹೋದರು, ಎಲ್ಲವೂ ಇರಲಿ. ಅಷ್ಟನ್ನೂ ಕೇಳಿದರೆ ಬೊಮ್ಮಣ್ಣನಂಥವರಿಗೂ ಹಾಡು ಕಟ್ಟುವುದು ಹೇಗೆಂದು ತಿಳಿದೀತು.

ಈ ಪತ್ರ ನಿಮ್ಮ ಕೈ ಸೇರುತ್ತದೋ ಇಲ್ಲವೋ, ನಾಳೆಯೊಳಗೆ ಉತ್ತರವಂತೂ ಬರುವುದಿಲ್ಲ. ನಾಳೆ ಹಾಡು ಎತ್ತಿಕೊಡುವ ಸರದಿ ನನ್ನದು. ಎರಡನೇ ಸಾಲಿಗೇ ನಿಲ್ಲಿಸಿ, ಇದು ಸರಿಯಿಲ್ಲ, ತುಳಸಿಗೆ ಆಗಿದ್ದನ್ನು ಯಾರಾದರೂ ಒಂದು ಸಾಲಿನಲ್ಲಿ ಹೇಳಿ ಎಂದು ಜಗಳ ತೆಗೆಯುತ್ತೇನೆ. ಬೈಯುವವರು ಬೈಯಲಿ, ಸಂಜೆಯವರೆಗೂ ಬೈಯಲಿ. ಹಾಡು ಮುಗಿದರೆ ತಾನೇ ಅವರು ಒಳಗೆ ಹೋಗುವುದು?