ಬಣ್ಣದಜ್ಜ ಅಳಿಸಿದ ಸಾಲು

ನದಿದಂಡೆಯ ಸಾಲುಮನೆ, ಕೊನೆಯ ಬಾಗಿಲು
ಮಾರ್ಚ್ ೧೪, ೧೯೯೧

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ, ಇಲ್ಲಾ ಹಡಗಿನ ಎಂಜಿನ್ ಕೋಣೆಯ ಹೊಗೆ ಕುಡಿದು ಇನ್ನೂ ಗೊರಗೊರ ಅನ್ನುತ್ತಿದ್ದೀಯೋ? ನಾನು ಹೆಣೆದು ಕಳಿಸಿದ ಉಣ್ಣೆಯ ಬನಿಯನ್ ಹಾಕಿಕೊಳ್ಳುತ್ತೀಯ ತಾನೇ? ಅದರಿಂದ ನೀನು ಯಂತ್ರ ಒರೆಸುತ್ತಿದ್ದರೂ ನನಗೆ ಆಶ್ಚರ್ಯವಿಲ್ಲ ಬಿಡು. ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ವಾಡಿಕೆ, ಅದಕ್ಕೆ ಬರೆದೆ. ಅಪ್ಪ ಮಾತ್ರ ಚೆನ್ನಾಗಿಲ್ಲ. ಜ್ವರವಿಲ್ಲ, ನೋವಿಲ್ಲ. ಊಟಕ್ಕೆ ಕರೆದರೆ ಬಂದು ಎರಡು ತುತ್ತು ತಿಂದು ಏಳುತ್ತಾರೆ, ಅಂಗಡಿಗೆ ಹೋಗಿ ಬೀದಿಗೆ ಬೆನ್ನು ಹಾಕಿ ಕೂರುತ್ತಾರೆ. ಕಟ್ಟು ಹಾಕಲು ಬಂದ ಫೋಟೋಗಳು ಧೂಳು ಹಿಡಿಯುತ್ತಿವೆ. ಬೀದಿಯಲ್ಲಿ ಯಾರೂ ಅವರನ್ನು ಮಾತಾಡಿಸುವುದಿಲ್ಲ.

ಹಳೆಯ ಚಿತ್ರ ಕಾರ್ಡುಗಳ ಪ್ರದರ್ಶನದ ಬಗ್ಗೆ ಹಿಂದೆ ಬರೆದಿದ್ದೆನಲ್ಲ? ಈ ಸೀಮೆಯ ಚರಿತ್ರೆಯೆಲ್ಲ ಆ ಕಾರ್ಡುಗಳಲ್ಲೇ ಇದೆ, ಮನೆಯಲ್ಲಿದ್ದವರು ತಂದು ಕೊಡಿ ಎಂದು ನಗರಸಭೆಯವರು ಸಾರಿದ್ದರು. ಅಪ್ಪನ ಸಂಭ್ರಮ ನೋಡಬೇಕಿತ್ತು. ಗಡ್ಡ ಬೋಳಿಸಿಕೊಂಡು, ಮದುವೆಯ ಕೋಟು ತೊಟ್ಟು, ಮುತ್ತಜ್ಜ ಬಣ್ಣ ಹಾಕಿದ ನದಿದಂಡೆಯ ಕಾರ್ಡನ್ನು ಎದೆಗವಚಿಕೊಂಡು ಹೊರಟರು. ನಿನಗೂ ಗೊತ್ತಿರುವ ಕಾರ್ಡೇ. ಗುಲಾಬಿ ಬಣ್ಣದ ಆಕಾಶ, ಗಡಿಯಾರದ ಗೋಪುರ, ಒಂದು ದೋಣಿ, ದಂಡೆಯುದ್ದಕ್ಕೂ ಹಸಿರು ಮರಗಳು, ಹಿಂಬದಿಯಲ್ಲಿ ೧೯೧೧ರ ಅಂಚೆ ಮುದ್ರೆ. ಅದರ ಕೆಳಗೆ ಅಂಟಿಸಲು ಅಪ್ಪ ತಮ್ಮ ದುಂಡಕ್ಷರದಲ್ಲೇ ಒಂದು ಚೀಟಿ ಬರೆದರು: "ಅಂದಿನ ನದಿದಂಡೆ, ಇದ್ದದ್ದು ಇದ್ದ ಹಾಗೆ." ನೋಡಲು ಬಂದವರಿಗೆಲ್ಲ, ಇದು ನಮ್ಮಜ್ಜನ ಕೈ, ನಮ್ಮಜ್ಜನ ಕೈ ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡು ಬಂದರು.

ಆಮೇಲೆ ಬಂತು ನೋಡು ಗ್ರಹಚಾರ. ದಂಡೆಯ ಮೇಲೆ ಅಗಲವಾದ ರಸ್ತೆ ಮಾಡಬೇಕು, ಈ ಸಾಲು ಒತ್ತುವರಿ, ಖಾಲಿ ಮಾಡಿ ಎಂದು ನೋಟಿಸು ಬಂತು. ೧೯೧೨ರಲ್ಲಿ ದಂಡೆ ನಗರಸಭೆಯ ಕೈಗೆ ಬರುವ ಮೊದಲೇ ಮನೆಗಳಿದ್ದವು ಎಂದು ತೋರಿಸಿದರೆ ಸಾಲು ಉಳಿಯುತ್ತಿತ್ತು. ಮನೆಪತ್ರಗಳನ್ನೆಲ್ಲ ಹಳೆಯ ನೆರೆಯಲ್ಲಿ ನದಿಯೇ ಓದಿಕೊಂಡಾಗಿದೆ. ವಿಚಾರಣೆಯ ದಿನ ಸಾಲಿನವರೆಲ್ಲ ಬೆಂಚಿನ ಮೇಲೆ ಕೂತಿದ್ದೆವು. ನಗರಸಭೆಯ ವಕೀಲ ಚೀಲದಿಂದ ನಮ್ಮ ಕಾರ್ಡನ್ನೇ ತೆಗೆದ. "ಎಲ್ಲಿವೆ ಸ್ವಾಮಿ ಮನೆಗಳು? ಬರೀ ಮರ" ಅಂದ. ಅಪ್ಪ ಎದ್ದು ನಿಂತು, "ಮನೆಗಳಿದ್ವು, ನಮ್ಮಜ್ಜ ಅಳಿಸಿ ಮರ ಬರೆದ್ರು" ಎಂದರು. ವಕೀಲ ನಗಲಿಲ್ಲ ಕೂಡ. ಅಪ್ಪನ ಚೀಟಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ, ಕೂತುಕೊಂಡ.

ಅಪ್ಪ ಹೇಳಿದ್ದು ನಿಜ. ಕಾರ್ಡು ಅಚ್ಚು ಹಾಕುವವನಿಗೆ ನಮ್ಮ ಸಾಲು ಕಣ್ಣಿಗೆ ಚುಚ್ಚಿತಂತೆ. ಹೊಗೆ, ಮುರುಕು ಮಾಡು, ಒಣಗಲು ಹಾಕಿದ ಬಟ್ಟೆ ಇದ್ದರೆ ಯಾರು ಕೊಳ್ಳುತ್ತಾರೆ, ತೆಗೆದುಬಿಡು ಅಂದನಂತೆ. ಬಣ್ಣದಜ್ಜನೆಂದೇ ಹೆಸರಾದ ಮುತ್ತಜ್ಜ ಇದೇ ಮನೆಯಲ್ಲಿ ಕೂತು ಇದೇ ಮನೆಯನ್ನು ಅಳಿಸಿದರು. ಕೂತ ಕೊಂಬೆಗೆ ಕೊಡಲಿ ಹಾಕುವವರ ಕಥೆ ಕೇಳಿದ್ದೆ, ಕುಂಚ ಹಾಕಿದವರು ನಮ್ಮ ವಂಶದಲ್ಲೇ ಸಿಕ್ಕರು. ಚಿಕ್ಕವರಿದ್ದಾಗ ಅಪ್ಪ ಅದನ್ನು ಕೈಚಳಕವೆಂದು ಹೇಳಿ ನಗಿಸುತ್ತಿದ್ದರಲ್ಲ, ನೆನಪಿದೆಯೇ? ನಗರಸಭೆಯವರದ್ದೋ, ಎತ್ತು ಈದಿದೆ ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ. ಅಚ್ಚಾಗಿದ್ದೆಲ್ಲ ಅವರಿಗೆ ಚರಿತ್ರೆ. ಪಕ್ಕದ ಮನೆಯ ದರ್ಜಿಯಮ್ಮ, ನನಗೆ ಜಡೆ ಹೆಣೆದು ಬೆಳೆಸಿದವರು, ಮೊನ್ನೆ ನಲ್ಲಿಯ ಹತ್ತಿರ ಅಂದರು: "ನಿಮ್ಮಜ್ಜ ಒಂದ್ಸಲ ಅಳಿಸಿದ್ರು, ನಿಮ್ಮಪ್ಪ ಇನ್ನೊಂದ್ಸಲ." ಕೊಡ ಅಲ್ಲೇ ಬಿಟ್ಟು ಬಂದೆ. ಅವರ ಮೇಲೆ ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಬರಲಿಲ್ಲ.

ಈಗ ಕೆಲಸದ ಮಾತು. ಮುತ್ತಜ್ಜ ಬಣ್ಣ ಹಚ್ಚುತ್ತಿದ್ದದ್ದು ಕಾಗದದ ಮೇಲೆ. ಫೋಟೋ ತೆಗೆದ ಮೂಲ ಗಾಜಿನ ಪ್ಲೇಟಿನಲ್ಲಿ ನಮ್ಮ ಸಾಲು, ಹೊಗೆ, ಬಟ್ಟೆ ಎಲ್ಲ ಹಾಗೆಯೇ ಉಳಿದಿರಬೇಕು. ಫೋಟೋ ತೆಗೆಯುವವನು ಊರು ಬಿಟ್ಟಾಗ ಪ್ಲೇಟುಗಳ ಪೆಟ್ಟಿಗೆಯನ್ನು ಮುತ್ತಜ್ಜನಿಗೇ ಕೊಟ್ಟು ಹೋದನಂತೆ. ನೀನು ಹೊರಡುವಾಗ ಅಟ್ಟದಿಂದ ಇಳಿಸಿಕೊಂಡ ಹಸಿರು ಪೆಟ್ಟಿಗೆಯೇ ಅದು, ತಳದಲ್ಲಿ ಪ್ಲೇಟುಗಳಿದ್ದವು ಎಂದು ಅಪ್ಪನ ವಾದ. ಅಟ್ಟವನ್ನು ನಾನು ಜಾಲಾಡಿದೆ, ಇಲಿಗಳ ಸಂಸಾರ ಬಿಟ್ಟರೆ ಏನೂ ಸಿಗಲಿಲ್ಲ. ತಿಂಗಳ ಕೊನೆಗೆ ಇನ್ನೊಂದು ವಿಚಾರಣೆ, ಅದೇ ಕೊನೆಯದು. ಪ್ಲೇಟು ನಿನ್ನ ಬಳಿ ಇದ್ದರೆ ಕೂಡಲೇ ತಂತಿ ಕೊಡು. ನೀನು ಎಲ್ಲೋ ಬಂದರಿನಲ್ಲಿ ಅದನ್ನು ಮರೆತು ಬಂದಿದ್ದರೆ, ಅದನ್ನಾದರೂ ಹೇಳು. ಬೈಯುವುದಿಲ್ಲ.

ಹೊಟ್ಟೆ ತುಂಬ ಉಣ್ಣು, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ಎಲ್ಲಿದ್ದರೂ ನೆಲದ ಮೇಲೆ ಕಾಲೂರಿ ಸುಖವಾಗಿರು ಅನ್ನೋಣವೆಂದರೆ ನಿನ್ನ ಕಾಲ ಕೆಳಗೆ ನೆಲವೇ ಇಲ್ಲ. ನಮಗೂ ಇನ್ನು ಅದೇ ಗತಿ. ಅಪ್ಪನ ಆಶೀರ್ವಾದ.

ನಿನ್ನ
ಅಕ್ಕ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ದೊಡ್ಡತ್ತೆ ಬಂದರು. ಪ್ಲೇಟಿನ ಮಾತೆತ್ತಿದರೆ, "ಆ ಗಾಜಾ? ನಾನೇ ಉಜ್ಜಿದ್ದು ಕಣೇ" ಅಂದರು. ಅವರು ಹುಡುಗಿಯಾಗಿದ್ದಾಗ ದೊಡ್ಡ ಬಿರುಗಾಳಿಗೆ ಕಿಟಕಿಗಳೆಲ್ಲ ಒಡೆದವಂತೆ. ಮುತ್ತಜ್ಜಿ ಪ್ಲೇಟುಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಇಬ್ಬರೂ ಉಜ್ಜಿ, ಅಡುಗೆಮನೆಯ ಕಿಟಕಿಗೆ ಕೂರಿಸಿದರಂತೆ. "ಕಪ್ಪೆಲ್ಲ ಹೋಗಿ ಎಷ್ಟು ಚಂದ ಹೊಳೀತು ಗೊತ್ತಾ" ಅಂತ ಈಗಲೂ ಹೆಮ್ಮೆ. ಅದೇ ಕಿಟಕಿಯ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಮೂಲೆಗಳನ್ನು ಉಗುರಿನಿಂದ ಕೆರೆದು ನೋಡಿದೆ, ಚಿತ್ರದ ಗುರುತೇನೂ ಉಳಿದಿಲ್ಲ. ಆಚೆ ಹೊಸ ರಸ್ತೆಗೆಂದು ಕೆಂಪು ಗೂಟ ಹೊಡೆಯುವವರು ಚೆನ್ನಾಗಿ ಕಾಣುತ್ತಾರೆ. ಅಪ್ಪನಿಗೆ ಹೇಳಿಲ್ಲ. ನಿನಗೆ ಕಾಗದ ಹೋಗುತ್ತದೆ ಎಂದು ಇವತ್ತು ಗಡ್ಡ ಬೋಳಿಸಿಕೊಂಡಿದ್ದಾರೆ. ಆದ್ದರಿಂದ ಮೇಲೆ ಕೇಳಿದ್ದನ್ನು ಬಿಡು, ಅವರ ಹೆಸರಿಗೆ ನಾಲ್ಕು ಸಾಲು ಬರೆ: ಪ್ಲೇಟು ನನ್ನ ಹತ್ತಿರವೇ ಇದೆ, ಅದರಲ್ಲಿ ಮನೆಗಳೆಲ್ಲ ಕಾಣುತ್ತವೆ, ರಜೆ ಸಿಕ್ಕ ಕೂಡಲೇ ತರುತ್ತೇನೆ, ಅಂತ. ನಮ್ಮ ಬಾಗಿಲಿನ ಬಣ್ಣವನ್ನೂ ಬೇಕಾದರೆ ಬರೆ, ನಂಬುತ್ತಾರೆ. ದೊಡ್ಡತ್ತೆಯ ಮನೆಯ ವಿಳಾಸಕ್ಕೆ ಹಾಕು. ನಿನ್ನ ಕಾಗದ ಬರುವ ಹೊತ್ತಿಗೆ ಇಲ್ಲಿ ಬಾಗಿಲು ಇರುವುದಿಲ್ಲ.